ಒಂದು ಅರ್ಧವಿರಾಮ, ಎರಡು ಮಹಡಿ: ಟೆಕ್ಸಾಸಿನ 1873ರ ಗವರ್ನರ್ ಚುನಾವಣೆ

ಈ ಸಂಜೆ ನಾನು ನಿಮ್ಮ ಮುಂದಿಡುವುದು ಒಂದೇ ಒಂದು ವಾಕ್ಯದ ಕಥೆ. ಅಮೆರಿಕದ ಟೆಕ್ಸಾಸ್ ರಾಜ್ಯ 1869ರಲ್ಲಿ ಬರೆದುಕೊಂಡ ಸಂವಿಧಾನದ ಮೂರನೆಯ ವಿಧಿಯಲ್ಲಿ, ಆರನೆಯ ಸೆಕ್ಷನ್ನಿನಲ್ಲಿ ಆ ವಾಕ್ಯವಿದೆ. ಅದರ ನಡುವೆ ಒಂದು ಅರ್ಧವಿರಾಮ ಚಿಹ್ನೆ ಇದೆ. ಶಾಲೆಯಲ್ಲಿ ಲೇಖನ ಚಿಹ್ನೆಗಳನ್ನು ಕಲಿಯುವಾಗ ನಾವು ಯಾರೂ ಗಮನವಿಟ್ಟು ಕಲಿಯದ, ಬರೆಯುವಾಗ ಅಪರೂಪಕ್ಕೂ ಬಳಸದ ಆ ಸೆಮಿಕೋಲನ್. ಆ ಚಿಹ್ನೆಯನ್ನು ಹಿಡಿದುಕೊಂಡು ಒಂದು ರಾಜ್ಯದ ಸರ್ವೋಚ್ಚ ನ್ಯಾಯಾಲಯ ಇಡೀ ಚುನಾವಣೆಯೇ ಅಸಿಂಧು ಎಂದಿತು. ಅದಾದ ಹತ್ತು ದಿನಗಳೊಳಗೆ ಒಂದೇ ಕಟ್ಟಡದ ಕೆಳಮಹಡಿಯಲ್ಲಿ ಒಬ್ಬ ಗವರ್ನರ್, ಮೇಲ್ಮಹಡಿಯಲ್ಲಿ ಇನ್ನೊಬ್ಬ ಗವರ್ನರ್ ಇದ್ದರು, ಇಬ್ಬರ ಕಡೆಯೂ ಬಂದೂಕು ಹಿಡಿದವರಿದ್ದರು.

ಮುಂದಕ್ಕೆ ಹೋಗುವ ಮೊದಲು ಒಂದು ಮಾತು. ನಮ್ಮಲ್ಲಿ ರಾಜ್ಯಪಾಲರು ಎಂದರೆ ರಾಷ್ಟ್ರಪತಿಗಳು ನೇಮಿಸಿ ಕಳಿಸುವವರು. ಅಮೆರಿಕದ ಗವರ್ನರ್ ಹಾಗಲ್ಲ. ಅವರನ್ನು ರಾಜ್ಯದ ಮತದಾರರೇ ನೇರವಾಗಿ ಆರಿಸುತ್ತಾರೆ, ಅಧಿಕಾರದಲ್ಲಿ ಅವರು ನಮ್ಮ ಮುಖ್ಯಮಂತ್ರಿಗೆ ಸಮ. ಹಾಗಾಗಿ ನಾನು ‘ರಾಜ್ಯಪಾಲ’ ಎನ್ನದೆ ‘ಗವರ್ನರ್’ ಎಂದೇ ಹೇಳುತ್ತೇನೆ. ಇನ್ನೊಂದು ಎಚ್ಚರಿಕೆಯೂ ಬೇಕು: ಅಂದಿನ ರಿಪಬ್ಲಿಕನ್ ಪಕ್ಷ ಲಿಂಕನ್ನರ ಪಕ್ಷ, ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರ ಪಕ್ಷ. ದಕ್ಷಿಣದ ಡೆಮಾಕ್ರಟರು, ಗುಲಾಮಗಿರಿ ಉಳಿಸಿಕೊಳ್ಳಲು ಅಮೆರಿಕದ ಒಕ್ಕೂಟ ಬಿಟ್ಟು ಹೋಗಿ ಅಂತರ್ಯುದ್ಧದಲ್ಲಿ ಸೋತ ದಕ್ಷಿಣ ರಾಜ್ಯಗಳ ಕೂಟದ, ಅಂದರೆ ಕಾನ್ಫೆಡರೇಟ್ ಪಾಳೆಯದ, ವಾರಸುದಾರರು. ಇಂದಿನ ಪತ್ರಿಕೆ ಓದಿ ರೂಢಿಯಾದ ಅರ್ಥವನ್ನು ಈ ಹೆಸರುಗಳಿಗೆ ಹಚ್ಚಿದರೆ ಎಲ್ಲವೂ ತಲೆಕೆಳಗಾಗುತ್ತದೆ.

ಕೆಳಮಹಡಿಯಲ್ಲಿದ್ದವರು ಎಡ್ಮಂಡ್ ಡೇವಿಸ್. ಹುಟ್ಟಿದ್ದು 1827ರಲ್ಲಿ, ಫ್ಲಾರಿಡಾದಲ್ಲಿ. ಟೆಕ್ಸಾಸಿನ ದಕ್ಷಿಣ ತುದಿಯಲ್ಲಿ, ಮೆಕ್ಸಿಕೋದ ಗಡಿಯಾದ ರಿಯೊ ಗ್ರಾಂಡೆ ನದಿಯ ಸೀಮೆಯಲ್ಲಿ ನ್ಯಾಯಾಧೀಶರಾಗಿದ್ದವರು. 1861ರಲ್ಲಿ ಟೆಕ್ಸಾಸ್ ಒಕ್ಕೂಟ ಬಿಟ್ಟು ಹೊರಟಾಗ ಅವರು ಒಪ್ಪಲಿಲ್ಲ. ರಾಜ್ಯ ಬಿಟ್ಟು ಹೋಗಿ, ಒಕ್ಕೂಟದ ಪರವಾಗಿ ಟೆಕ್ಸಾಸಿನವರದೇ ಒಂದು ಅಶ್ವದಳ ಕಟ್ಟಿದರು. 1863ರ ಮಾರ್ಚಿನಲ್ಲಿ ಅವರು ಮೆಕ್ಸಿಕೋದ ನೆಲದಲ್ಲಿದ್ದಾಗ ಕಾನ್ಫೆಡರೇಟ್ ಸೈನಿಕರು ಗಡಿ ದಾಟಿ ಬಂದು ಹಿಡಿದೊಯ್ದರು. ಜೊತೆಯಲ್ಲಿ ಸಿಕ್ಕಿಬಿದ್ದ ಮಾಂಟ್‌ಗಾಮರಿ ಎಂಬ ಅಧಿಕಾರಿಯನ್ನು ಮರಕ್ಕೆ ನೇತುಹಾಕಿ ಕೊಂದರು. ಮೆಕ್ಸಿಕೋದ ಅಧಿಕಾರಿಗಳು ಪ್ರತಿಭಟಿಸಿದ್ದರಿಂದ ಡೇವಿಸ್ ಉಳಿದುಕೊಂಡರು. ಹೀಗೆ ನೇಣಿನ ಹಗ್ಗದ ಹತ್ತಿರ ಹೋಗಿ ಬಂದವರು ಮುಂದೆ ಅದೇ ನಾಡಿನ ಗವರ್ನರ್ ಆದಾಗ, ತಮ್ಮನ್ನು ನೇಣಿಗೆ ಹಾಕಲು ಹೊರಟವರ ಜೊತೆ ಸಲೀಸಾಗಿ ರಾಜಿಯಾಗುತ್ತಾರೆಂದು ನಿರೀಕ್ಷಿಸುವುದು ಕಷ್ಟ.

ಮೇಲ್ಮಹಡಿಯವರು ರಿಚರ್ಡ್ ಕೋಕ್. ವರ್ಜೀನಿಯಾದಲ್ಲಿ ಹುಟ್ಟಿ, ಟೆಕ್ಸಾಸಿನ ವೇಕೋ ಪಟ್ಟಣದಲ್ಲಿ ವಕೀಲಿ ಮಾಡಿಕೊಂಡಿದ್ದವರು. ಒಕ್ಕೂಟ ಬಿಡುವ ನಿರ್ಣಯ ಮಾಡಿದ 1861ರ ಸಮಾವೇಶದಲ್ಲಿ ಪ್ರತಿನಿಧಿ, ಯುದ್ಧದಲ್ಲಿ ಕಾನ್ಫೆಡರೇಟ್ ಸೇನೆಯ ಕ್ಯಾಪ್ಟನ್. ಯುದ್ಧ ಮುಗಿದ ಮೇಲೆ 1866ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯಕ್ಕೆ ಆರಿಸಿಬಂದರು. ಮರುವರ್ಷ ಒಕ್ಕೂಟದ ಸೇನೆಯ ಜನರಲ್ ಶೆರಿಡನ್ ಅವರು, ಸೋತ ರಾಜ್ಯಗಳನ್ನು ಮತ್ತೆ ಒಕ್ಕೂಟಕ್ಕೆ ಸೇರಿಸಿಕೊಳ್ಳುವ ‘ಪುನರ್ನಿರ್ಮಾಣ’ಕ್ಕೆ ಅಡ್ಡಿ ಎಂದು ಕೋಕ್ ಅವರನ್ನು ಆ ಪೀಠದಿಂದ ಇಳಿಸಿದರು. ಇವರಿಗೂ ಮರೆಯದ ಒಂದು ಗಾಯವಿತ್ತು. ಒಬ್ಬರು ಮಾಜಿ ನ್ಯಾಯಾಧೀಶರು, ಇನ್ನೊಬ್ಬರು ಪದಚ್ಯುತ ನ್ಯಾಯಾಧೀಶರು. ಇಬ್ಬರಿಗೂ ಕಾನೂನು ಚೆನ್ನಾಗಿ ಗೊತ್ತಿತ್ತು.

ಡೇವಿಸ್ ಗವರ್ನರ್ ಆದ ಬಗೆಯೇ ಪೂರ್ತಿ ತಿಳಿಯಾಗಿರಲಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. 1869ರ ಕೊನೆಯಲ್ಲಿ ನಡೆದ ಚುನಾವಣೆ ಸೇನೆಯ ಮೇಲುಸ್ತುವಾರಿಯಲ್ಲಿ ನಡೆಯಿತು. ಡೇವಿಸ್ ಗೆದ್ದ ಅಂತರ 800 ಮತಗಳಿಗೂ ಕಡಿಮೆ. ಸೋತವರು ಅವರದೇ ಪಕ್ಷದ ಮಂದಗಾಮಿ ಬಣದ ಆಂಡ್ರ್ಯೂ ಜಾಕ್ಸನ್ ಹ್ಯಾಮಿಲ್ಟನ್. ಆಗಲೂ ಮೋಸದ ಕೂಗೆದ್ದಿತ್ತು. ಅಂದರೆ ನಾಲ್ಕು ವರ್ಷಗಳ ನಂತರ ‘ಜನಾದೇಶಕ್ಕೆ ತಲೆಬಾಗದವರು’ ಎಂಬ ಬೈಗುಳ ತಿಂದ ಡೇವಿಸ್, ಗದ್ದುಗೆ ಏರಿದ ದಿನದಿಂದಲೇ ಆ ಅನುಮಾನವನ್ನು ಬೆನ್ನಿಗೆ ಕಟ್ಟಿಕೊಂಡು ಬಂದವರು.

ಅವರ ಆಡಳಿತದ ಬಗ್ಗೆ ಎರಡು ಮಾತು ಸಾಕು. ರಾಜ್ಯದ ಪೊಲೀಸ್ ದಳವೊಂದನ್ನು ಕಟ್ಟಿದರು, ಅದರಲ್ಲಿ ಕಪ್ಪು ಜನರನ್ನೂ ಸೇರಿಸಿಕೊಂಡರು. ಬಂದೂಕು ಹಿಡಿದ ಕಪ್ಪು ಪೊಲೀಸ್ ಬಂದು ಬಿಳಿಯ ಆರೋಪಿಯನ್ನು ಹಿಡಿದೊಯ್ಯುವ ದೃಶ್ಯವನ್ನು ಅಂದಿನ ಟೆಕ್ಸಾಸಿನ ಬಿಳಿಯರು ಹೇಗೆ ಕಂಡಿರಬೇಕೆಂದು ನೀವೇ ಊಹಿಸಿ. ಸರ್ಕಾರಿ ಶಾಲೆಗಳ ವ್ಯವಸ್ಥೆ ಬಂತು, ಜೊತೆಗೆ ತೆರಿಗೆಯೂ ಏರಿತು. ಆ ಅವಧಿಯ ಶಾಸನಸಭೆಯಲ್ಲಿ ಗಾಲ್ವೆಸ್ಟನ್‌ನ ಜಾರ್ಜ್ ರೂಬಿ, ಗುಲಾಮರಾಗಿದ್ದು ಬಿಡುಗಡೆಯಾದ ಮ್ಯಾಥ್ಯೂ ಗೇನ್ಸ್ ಎಂಬ ಇಬ್ಬರು ಕಪ್ಪು ಸೆನೆಟರುಗಳಿದ್ದರು. ಚುನಾವಣೆಗಳನ್ನು ಮುಂದೂಡಿದ್ದು, ನೇಮಕಾತಿಯ ಅಧಿಕಾರವನ್ನೆಲ್ಲ ಗವರ್ನರ್ ಕೈಯಲ್ಲಿ ಕೂಡಿಟ್ಟದ್ದು ಡೇವಿಸರ ವಿರೋಧಿಗಳ ನ್ಯಾಯವಾದ ದೂರುಗಳು. ಅವನ್ನು ನಾನು ಅಲ್ಲಗಳೆಯುವುದಿಲ್ಲ.

1872ರ ಚುನಾವಣೆಯಲ್ಲಿ ಶಾಸನಸಭೆ ಡೆಮಾಕ್ರಟರ ಕೈಗೆ ಬಂತು. 1873ರಲ್ಲಿ ಅವರು ಪೊಲೀಸ್ ದಳವನ್ನು ಗವರ್ನರ್ ಅವರ ನಿರಾಕರಣಾಧಿಕಾರವನ್ನೂ ಮೀರಿ ರದ್ದು ಮಾಡಿದರು. ಜೊತೆಗೆ ಹೊಸ ಚುನಾವಣಾ ಕಾಯ್ದೆ ತಂದರು. ಅದುವರೆಗೆ ಮತದಾನ ಕೌಂಟಿ ಕೇಂದ್ರದಲ್ಲಿ ಮಾತ್ರ ನಡೆಯುತ್ತಿತ್ತು, ನಾಲ್ಕು ದಿನ ನಡೆಯುತ್ತಿತ್ತು. ಕೌಂಟಿ ಎಂದರೆ ನಮ್ಮ ತಾಲ್ಲೂಕಿಗೂ ಜಿಲ್ಲೆಗೂ ನಡುವಿನ ಒಂದು ಘಟಕ ಎಂದುಕೊಳ್ಳಿ. ಹೊಸ ಕಾಯ್ದೆಯ ಪ್ರಕಾರ ಹಳ್ಳಿಹಳ್ಳಿಯ ಮತಗಟ್ಟೆಗಳಲ್ಲಿ, ಒಂದೇ ದಿನ ಮತದಾನ.

ಇದು ಕೇಳುವುದಕ್ಕೆ ಸುಧಾರಣೆಯಂತೆಯೇ ಇದೆ. ಒಂದರ್ಥದಲ್ಲಿ ಸುಧಾರಣೆಯೂ ಹೌದು: ಟೆಕ್ಸಾಸಿನಂಥ ವಿಶಾಲ ನಾಡಿನಲ್ಲಿ ರೈತನೊಬ್ಬ ಒಂದು ಮತ ಹಾಕಲು ಗಾಡಿ ಹೂಡಿಕೊಂಡು ದಿನಗಟ್ಟಲೆ ಹೋಗಿಬರಬೇಕಾಗಿತ್ತು. ಆದರೆ ಅದೇ ಕೌಂಟಿ ಕೇಂದ್ರ ಕಪ್ಪು ಮತದಾರನಿಗೆ ಆಸರೆಯಾಗಿತ್ತು. ನಾಲ್ಕು ದಿನ ಅವಕಾಶವಿದ್ದರೆ ಹತ್ತಾರು ಊರಿನವರು ಗುಂಪುಗೂಡಿ ಹೋಗಬಹುದು, ಅಲ್ಲಿ ಸರ್ಕಾರದ ಕಣ್ಣಿರುತ್ತದೆ, ಪೊಲೀಸರಿರುತ್ತಾರೆ. ಮತಗಟ್ಟೆ ಹಳ್ಳಿಗೆ ಬಂದರೆ ಅದು ಹಿಂದಿನ ಧಣಿಯ ಹೊಲದ ಬದಿಗೇ ಬಂದಂತೆ. ಯಾರು ಬಂದರು, ಯಾರ ಚೀಟಿ ಹಿಡಿದಿದ್ದರು ಎಂಬುದನ್ನು ನೋಡುತ್ತ ನಿಂತವರ ಮುಂದೆಯೇ ಹಾದುಹೋಗಬೇಕು. ಮತಪತ್ರವನ್ನು ಪಕ್ಷಗಳೇ ಅಚ್ಚು ಹಾಕಿ ಹಂಚುತ್ತಿದ್ದ ಕಾಲ ಅದು, ಗುಪ್ತ ಮತದಾನ ಇನ್ನೂ ಬಂದಿರಲಿಲ್ಲ.

ಡೇವಿಸ್ ಈ ಮಸೂದೆಗೆ ಸಹಿ ಹಾಕಿದರು. ಈ ಸಹಿಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

1873ರ ಡಿಸೆಂಬರ್ 2ರಂದು ಚುನಾವಣೆ ನಡೆಯಿತು. ಕೋಕ್ ಅವರಿಗೆ ಬಿದ್ದ ಮತ ಡೇವಿಸರ ಮತದ ಸುಮಾರು ಎರಡರಷ್ಟು. ಬೆದರಿಕೆ, ಮೋಸ ಎಂದು ಎರಡೂ ಕಡೆಯವರು ದೂರಿದರು. ಯುದ್ಧದ ನಂತರ ಬಿಳಿಯ ವಲಸಿಗರು ಟೆಕ್ಸಾಸಿಗೆ ಹೊಳೆಯಂತೆ ಹರಿದುಬಂದಿದ್ದರು, ರಿಪಬ್ಲಿಕನ್ನರಲ್ಲೇ ಒಡಕಿತ್ತು. ಬೆದರಿಕೆಯನ್ನೆಲ್ಲ ಲೆಕ್ಕದಿಂದ ತೆಗೆದರೂ ಡೇವಿಸ್ ಗೆಲ್ಲುತ್ತಿದ್ದರು ಎಂದು ನಂಬಲು ನನಗೆ ಸಾಧ್ಯವಾಗಿಲ್ಲ.

ಈಗ ರಂಗಕ್ಕೆ ಬರುವವನು ಜೋಸೆಫ್ ರೋಡ್ರಿಗಸ್. ಹ್ಯೂಸ್ಟನ್ ಇರುವ ಹ್ಯಾರಿಸ್ ಕೌಂಟಿಯಲ್ಲಿ, ಆ ಚುನಾವಣೆಯಲ್ಲಿ ಒಂದಕ್ಕಿಂತ ಹೆಚ್ಚು ಸಲ ಮತ ಹಾಕಿದನೆಂಬ ಆರೋಪದ ಮೇಲೆ ಅವನನ್ನು ಬಂಧಿಸಲಾಗಿತ್ತು. ಬಿಡುಗಡೆ ಕೋರಿ ಹೆಬಿಯಸ್ ಕಾರ್ಪಸ್ ಅರ್ಜಿ ನೇರವಾಗಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ಅವನ ಪರ ವಕೀಲರ ವಾದ ಬಲು ಸರಳ: ಅಂದು ನಡೆದದ್ದು ಸಂವಿಧಾನದ ಪ್ರಕಾರ ಚುನಾವಣೆಯೇ ಅಲ್ಲ, ಚುನಾವಣೆಯೇ ಅಲ್ಲದ ಕಡೆ ಎರಡು ಸಲ ಚೀಟಿ ಹಾಕಿದರೆ ಅದು ಅಪರಾಧವಾಗುವುದು ಹೇಗೆ? ಇದು ಆರೋಪ ಹೊರಿಸಿದವರೂ ಆರೋಪಿಯೂ ಮೊದಲೇ ಮಾತಾಡಿಕೊಂಡು ಹೂಡಿದ ಕಟ್ಟುಕತೆಯ ಮೊಕದ್ದಮೆ, ಇಡೀ ಚುನಾವಣೆಯನ್ನು ಕೆಡವಲು ಈ ಬಡಪಾಯಿಯನ್ನು ಮುಂದೆ ತಳ್ಳಿದ್ದಾರೆ ಎಂದು ಎದುರು ಪಕ್ಷ ಕೂಗಾಡಿತು. ನ್ಯಾಯಾಲಯ ಅದಕ್ಕೆ ಕಿವಿಗೊಡಲಿಲ್ಲ.

ಆ ವಾಕ್ಯವನ್ನು ಈಗ ನೋಡೋಣ. ಇಲ್ಲಿ ನನಗೆ ಒಂದು ತೊಡಕಿದೆ. ಅದನ್ನು ಸಹಜ ಕನ್ನಡಕ್ಕೆ ತಂದ ಕೂಡಲೇ ಜಗಳವೇ ಮಾಯವಾಗಿಬಿಡುತ್ತದೆ. ‘ಕಾನೂನಿನ ಮೂಲಕ ಬೇರೆ ಏರ್ಪಾಡು ಆಗುವವರೆಗೆ ಎಲ್ಲ ಚುನಾವಣೆಗಳು ಕೌಂಟಿ ಕೇಂದ್ರಗಳಲ್ಲಿ ನಡೆಯತಕ್ಕದ್ದು, ಮತಗಟ್ಟೆಗಳು ನಾಲ್ಕು ದಿನ ತೆರೆದಿರತಕ್ಕದ್ದು’ ಎಂದು ನಾವು ಬರೆಯುತ್ತೇವೆ. ನಮ್ಮಲ್ಲಿ ‘ಆಗುವವರೆಗೆ’ ಎಂಬ ಷರತ್ತು ಮೊದಲಿಗೇ ಬಂದು ಕೂರುತ್ತದೆ, ಕೂತರೆ ಮುಂದಿನ ಎರಡೂ ಮಾತುಗಳನ್ನು ಆಳುತ್ತದೆ. ಮೂಲದಲ್ಲಿ ಹಾಗಿಲ್ಲ. ಅಲ್ಲಿರುವ ಕ್ರಮವನ್ನು ಹಾಗೇ ಉಳಿಸಿಕೊಂಡು, ಕನ್ನಡವನ್ನು ಸ್ವಲ್ಪ ಹಿಂಸಿಸಿ ಹೇಳಿದರೆ ಹೀಗಾಗುತ್ತದೆ: ‘ರಾಜ್ಯ, ಜಿಲ್ಲೆ ಹಾಗೂ ಕೌಂಟಿ ಹುದ್ದೆಗಳ ಎಲ್ಲ ಚುನಾವಣೆಗಳು ಆಯಾ ಕೌಂಟಿಗಳ ಕೇಂದ್ರಗಳಲ್ಲಿ ನಡೆಯತಕ್ಕದ್ದು, ಕಾನೂನಿನ ಮೂಲಕ ಬೇರೆ ಏರ್ಪಾಡು ಆಗುವವರೆಗೆ; ಮತ್ತು ಮತಗಟ್ಟೆಗಳು ನಾಲ್ಕು ದಿನ, ಪ್ರತಿದಿನ ಬೆಳಗ್ಗೆ 8ರಿಂದ ಸಂಜೆ 4ರವರೆಗೆ, ತೆರೆದಿರತಕ್ಕದ್ದು.’

‘ಆಗುವವರೆಗೆ’ ಎಂಬುದು ಅರ್ಧವಿರಾಮದ ಈಚೆಗಿದೆ, ‘ನಾಲ್ಕು ದಿನ’ ಆಚೆಗಿದೆ. ಶಾಸನಸಭೆ ಸ್ಥಳವನ್ನು ಬದಲಿಸಬಹುದು, ಅವಧಿಯನ್ನು ಮುಟ್ಟುವಂತಿಲ್ಲ ಎಂದು ನ್ಯಾಯಾಲಯ 1874ರ ಜನವರಿ ಮೊದಲ ವಾರದಲ್ಲಿ ತೀರ್ಪಿತ್ತಿತು. ಒಂದೇ ದಿನ ನಡೆದ ಚುನಾವಣೆ, ಆದ್ದರಿಂದ, ಸಂವಿಧಾನಕ್ಕೆ ವಿರುದ್ಧ.

ಈ ತೀರ್ಪನ್ನು ಗೇಲಿ ಮಾಡುವುದು ಟೆಕ್ಸಾಸಿನಲ್ಲಿ ಒಂದೂವರೆ ಶತಮಾನದ ಸಂಪ್ರದಾಯ. ನಾನು ಆ ಗೇಲಿಯಲ್ಲಿ ಸೇರುವುದಿಲ್ಲ. ಯಾಕೆಂದರೆ, ಒಂದು ವಿದ್ಯಾರ್ಥಿನಿಲಯದ ನಿಯಮ ಹೀಗಿದೆ ಎಂದುಕೊಳ್ಳಿ: ‘ಊಟವನ್ನು ಪಡಸಾಲೆಯಲ್ಲಿ ಬಡಿಸಬೇಕು, ಭೋಜನಶಾಲೆ ಕಟ್ಟುವವರೆಗೆ; ಮತ್ತು ದಿನಕ್ಕೆ ಎರಡು ಹೊತ್ತು ಬಡಿಸಬೇಕು.’ ಭೋಜನಶಾಲೆ ಎದ್ದು ನಿಂತ ಮರುದಿನ ವಾರ್ಡನ್ ಬಂದು, ಇನ್ನು ಮೇಲೆ ಒಂದೇ ಹೊತ್ತು ಊಟ ಎಂದರೆ ಹುಡುಗರು ಸುಮ್ಮನಿರುತ್ತಾರೆಯೇ? ಆ ಮೂವರು ನ್ಯಾಯಾಧೀಶರು ಓದಿದ್ದು ಆ ಹುಡುಗರು ಓದುವ ಹಾಗೆಯೇ. ವ್ಯಾಕರಣದ ಮಟ್ಟಿಗೆ ಅದು ನೇರವಾದ ಓದು.

ಎದುರು ವಾದವೂ ಹಗುರವಲ್ಲ. ಊರೂರಿಗೆ ಮತಗಟ್ಟೆ ಬಂದ ಮೇಲೆ ನಾಲ್ಕು ದಿನದ ಅಗತ್ಯವೇ ಇಲ್ಲ. ಅವಧಿಯನ್ನು ಅಷ್ಟು ಉದ್ದಕ್ಕೆ ಇಟ್ಟಿದ್ದೇ ಜನ ದೂರದಿಂದ ಬರಬೇಕಲ್ಲ ಎಂಬ ಕಾರಣಕ್ಕೆ. ಹಾಗಿರುವಾಗ ಎರಡೂ ಒಟ್ಟಿಗೆ ಬದಲಾಗಬೇಕೆಂಬುದೇ ಬರೆದವರ ಆಶಯ ಎಂದು ಅವರು ವಾದಿಸಿದರು. ಇಲ್ಲಿ ನಮ್ಮ ಕಡೆಯ ಒಂದು ಮಾತನ್ನೂ ಸೇರಿಸಬಹುದು. ಓಲೆಗರಿಯಲ್ಲಿ ಬರೆದ ನಮ್ಮ ಹಿಂದಿನವರಿಗೆ ಅಲ್ಪವಿರಾಮ, ಅರ್ಧವಿರಾಮಗಳ ಹಂಗಿರಲಿಲ್ಲ. ಪದಗಳ ನಡುವೆ ಜಾಗವನ್ನೂ ಬಿಡದೆ ಬರೆದರು, ಓದುವವರು ಅರ್ಥದ ಬಲದಿಂದಲೇ ಬಿಡಿಸಿಕೊಂಡರು. ಇಂಗ್ಲೆಂಡಿನ ಹಳೆಯ ನ್ಯಾಯಾಲಯಗಳಿಗೂ ಶಾಸನಗಳ ವಿರಾಮಚಿಹ್ನೆಗಳ ಮೇಲೆ ಹೆಚ್ಚಿನ ಗೌರವವಿರಲಿಲ್ಲ. ನಮ್ಮ ಸುಪ್ರೀಂ ಕೋರ್ಟ್ ಕೂಡ 1952ರಲ್ಲಿ, ಅಶ್ವಿನಿ ಕುಮಾರ್ ಘೋಷ್ ಮೊಕದ್ದಮೆಯಲ್ಲಿ, ಶಾಸನವನ್ನು ಅರ್ಥೈಸುವಾಗ ವಿರಾಮಚಿಹ್ನೆಯದು ಸಣ್ಣ ಪಾತ್ರ ಎಂಬ ನಿಲುವನ್ನೇ ತಳೆಯಿತು. ಆ ಲೆಕ್ಕದಲ್ಲಿ ಟೆಕ್ಸಾಸಿನ ಮೂವರು ಒಂದು ಸಣ್ಣ ಗೂಟಕ್ಕೆ ದೊಡ್ಡ ಆನೆಯನ್ನು ಕಟ್ಟಿದರು ಎನ್ನಬಹುದು.

ಆ ಮೂವರ ಹೆಸರು ಹೇಳದೆ ಹೋದೆ: ವೆಸ್ಲಿ ಆಗ್ಡೆನ್, ಮೋಸಸ್ ವಾಕರ್, ಜಾನ್ ಮಕಾಡೂ. ಮೂವರೂ ಡೇವಿಸರ ನೇಮಕದಿಂದ ಆ ಪೀಠದಲ್ಲಿದ್ದವರು. ಅಂದಿನ ಟೆಕ್ಸಾಸಿನಲ್ಲಿ ವ್ಯಾಕರಣದ ಮಾತು ಯಾರಿಗೂ ಬೇಕಿರಲಿಲ್ಲ, ಈ ಒಂದು ಸಂಗತಿಯೇ ಎಲ್ಲರಿಗೂ ಸಾಕಾಯಿತು.

ತೀರ್ಪಿನ ಬಲದಿಂದ ಡೇವಿಸ್ ಜನವರಿ 12ರಂದು ಘೋಷಣೆ ಹೊರಡಿಸಿ, ಹೊಸ ಶಾಸಕರು ಸಭೆ ಸೇರಕೂಡದು ಎಂದರು. ತಮ್ಮ ಅವಧಿ ಏಪ್ರಿಲ್ 28ರವರೆಗೂ ಇದೆ, ತಾವು ವಿಧಿವತ್ತಾಗಿ ಅಧಿಕಾರ ವಹಿಸಿದ್ದು 1870ರ ಆ ದಿನ ಎಂಬುದು ಅವರ ಇನ್ನೊಂದು ವಾದ. ಒಕ್ಕೂಟದ ಸೇನೆ ಕಳಿಸಿ ಎಂದು ವಾಷಿಂಗ್ಟನ್ನಿಗೆ ತಂತಿ ಹೊಡೆದರು. ಅಧ್ಯಕ್ಷ ಗ್ರಾಂಟ್ ಅವರದೇ ಪಕ್ಷದವರು, ಅದೇ ಯುದ್ಧದ ಮಹಾ ಸೇನಾಪತಿ. ಪಕ್ಕದ ಲೂಯಿಸಿಯಾನಾದಲ್ಲಿ ಹಿಂದಿನ ವರ್ಷ ಇಬ್ಬರು ಗವರ್ನರುಗಳು ಪ್ರಮಾಣವಚನ ತೆಗೆದುಕೊಂಡಾಗ ಗ್ರಾಂಟ್ ರಿಪಬ್ಲಿಕನ್ನರಾದ ಕೆಲಾಗ್ ಅವರ ಬೆನ್ನಿಗೆ ನಿಂತಿದ್ದರು. ಡೇವಿಸರು ಅದನ್ನೇ ನಿರೀಕ್ಷಿಸಿದ್ದರೆ ತಪ್ಪೇನಿಲ್ಲ.

ಗ್ರಾಂಟರ ಉತ್ತರ ಅಮೆರಿಕದ ರಾಜಕೀಯ ದಾಖಲೆಗಳಲ್ಲೇ ನನಗೆ ಬಹಳ ಇಷ್ಟವಾದದ್ದು, ಅಷ್ಟು ಚಿಕ್ಕದು, ಅಷ್ಟು ಕಟು. ಆ ಚುನಾವಣಾ ಕಾಯ್ದೆಗೆ ನಿಮ್ಮದೇ ಒಪ್ಪಿಗೆ ಸಿಕ್ಕಿದೆ, ಎರಡೂ ಪಕ್ಷಗಳು ಅದರ ಅಡಿಯಲ್ಲೇ ಅಭ್ಯರ್ಥಿಗಳನ್ನು ನಿಲ್ಲಿಸಿ ಪ್ರಚಾರ ಮಾಡಿವೆ, ಹೀಗಿರುವಾಗ ಜನ ಮತದ ಮೂಲಕ ಕೊಟ್ಟ ತೀರ್ಪಿಗೆ ಮಣಿಯುವುದು ವಿವೇಕವೂ ನ್ಯಾಯವೂ ಆಗುವುದಿಲ್ಲವೇ ಎಂಬುದು ಅದರ ಸಾರ. ಅರ್ಧವಿರಾಮದ ಸುದ್ದಿಗೇ ಅವರು ಹೋಗಲಿಲ್ಲ. ಡೇವಿಸರ ಸಹಿಯ ಮೇಲೆ ಬೆರಳಿಟ್ಟು ತೋರಿಸಿದರು, ಅಷ್ಟೆ. ನಾಲ್ಕು ದಿನ ಬೇಕು ಎಂಬ ಜ್ಞಾನ ಮಾರ್ಚ್ ತಿಂಗಳಲ್ಲಿ ಮಸೂದೆ ಮೇಜಿನ ಮೇಲಿದ್ದಾಗ ಬರದೆ, ಸೋತ ಮೇಲೆ ಬಂದದ್ದು ಡೇವಿಸರ ದುರ್ಬಲ ಜಾಗ. ಇದಕ್ಕೆ ಅವರ ಅಭಿಮಾನಿಗಳು ಯಾರೂ ಸರಿಯಾದ ಸಮಾಧಾನ ಹೇಳಿದ್ದನ್ನು ನಾನು ಓದಿಲ್ಲ.

ಜನವರಿ 13. ಆಸ್ಟಿನ್ ನಗರದ ಶಾಸನಭವನ. ಇಂದು ಅಲ್ಲಿಗೆ ಹೋದವರು ಕಾಣುವ ಕೆಂಪು ಗ್ರಾನೈಟಿನ ಭವ್ಯ ಕಟ್ಟಡವಲ್ಲ ಅದು. ಅದಕ್ಕಿಂತ ಮುಂಚಿನ, 1881ರಲ್ಲಿ ಬೆಂಕಿಗೆ ಆಹುತಿಯಾದ ಸುಣ್ಣಕಲ್ಲಿನ ಕಟ್ಟಡ. ಸಭಾಂಗಣಗಳು ಮೇಲಿದ್ದವು. ಡೆಮಾಕ್ರಟ್ ಶಾಸಕರು ಮೇಲ್ಮಹಡಿಯ ಬೀಗದಕೈ ಸಂಪಾದಿಸಿಕೊಂಡು ಮೇಲೇರಿ ಕುಳಿತರು, ಸಭೆ ಸೇರಿದರು. ಕೆಳಗೆ ಡೇವಿಸ್ ಮತ್ತು ಅವರ ಶಸ್ತ್ರಸಜ್ಜಿತ ಕಾವಲುಪಡೆ. ನಡುವೆ ಇದ್ದದ್ದು ಮೆಟ್ಟಿಲು ಮಾತ್ರ. ಮೇಲಿನ ಹೆಜ್ಜೆಸಪ್ಪಳ ಕೆಳಗೆ ಕೇಳಿಸುವಷ್ಟು ಹತ್ತಿರದಲ್ಲಿ ಎರಡು ಸರ್ಕಾರಗಳು ಒಂದೇ ಸೂರಿನಡಿ ಇದ್ದವು.

ತಮ್ಮ ರಕ್ಷಣೆಗೆಂದು ಡೇವಿಸ್ ಸ್ಥಳೀಯ ಸ್ವಯಂಸೇವಕ ಪಡೆಯಾದ ‘ಟ್ರಾವಿಸ್ ರೈಫಲ್ಸ್’ ಅನ್ನು ಕರೆಸಿದರು. ಕರೆಗೆ ಓಗೊಟ್ಟು ಬಂದ ಆ ಪಡೆಯನ್ನು ಕೌಂಟಿಯ ಪೊಲೀಸ್ ಅಧಿಕಾರಿಯಾದ ಶೆರಿಫ್ ತನ್ನ ಅಧಿಕಾರದ ಅಡಿಗೆ ತೆಗೆದುಕೊಂಡರು; ಆ ಪಡೆ ಹೋಗಿ ಕಾವಲು ನಿಂತದ್ದು ಕೋಕ್ ಅವರಿಗೆ! ಜನವರಿ 15ರ ಸಂಜೆ ಮೇಲ್ಮಹಡಿಯಲ್ಲಿ ಕೋಕ್ ಗವರ್ನರ್ ಆಗಿ, ರಿಚರ್ಡ್ ಹಬ್ಬರ್ಡ್ ಉಪ ಗವರ್ನರ್ ಆಗಿ ಪ್ರಮಾಣವಚನ ಸ್ವೀಕರಿಸಿದರು. ಮರುದಿನ ತಾತ್ಕಾಲಿಕ ಒಪ್ಪಂದವಾಯಿತು. ಡೇವಿಸ್ ಗ್ರಾಂಟರಿಗೆ ಕೊನೆಯದಾಗಿ ಮತ್ತೊಮ್ಮೆ ಮೊರೆಯಿಟ್ಟರು. ಸೇನೆ ಕಳಿಸಲು ಕಾರಣ ಕಾಣುತ್ತಿಲ್ಲ ಎಂಬ ಉತ್ತರ ಬಂತು. ಜನವರಿ 19ರಂದು ಡೇವಿಸ್ ಹುದ್ದೆ ಬಿಟ್ಟರು. ಬಂದೂಕು ಹಿಡಿದವರು ಅಷ್ಟು ಜನ ಅಷ್ಟು ದಿನ ಒಂದೇ ಕಟ್ಟಡದಲ್ಲಿ ಇದ್ದೂ ಒಂದು ದೊಡ್ಡ ಕಾಳಗ ನಡೆಯಲಿಲ್ಲ. ಕೆಲವೇ ತಿಂಗಳಲ್ಲಿ ನೆರೆಯ ಅರ್ಕನ್ಸಾದಲ್ಲಿ ಬ್ರೂಕ್ಸ್ ಮತ್ತು ಬ್ಯಾಕ್ಸ್‌ಟರ್ ಎಂಬ ಇಬ್ಬರ ನಡುವೆ ಇಂಥದ್ದೇ ಗವರ್ನರ್ ಗಿರಿಯ ಜಗಳ ಬೀದಿ ಯುದ್ಧವಾಗಿ ಹೆಣಗಳು ಉರುಳಿದವು. ಅದರ ಪಕ್ಕದಲ್ಲಿಟ್ಟು ನೋಡಿದರೆ ಆಸ್ಟಿನ್ನಿನ ಸಂಯಮ ಸಣ್ಣದಲ್ಲ, ಅದರಲ್ಲಿ ಡೇವಿಸರ ಪಾಲೂ ಇದೆ.

ಹೊಸ ಸರ್ಕಾರ ಆ ತೀರ್ಪಿನ ವಿರುದ್ಧ ಮೇಲ್ಮನವಿ ಸಲ್ಲಿಸಲಿಲ್ಲ, ಪುನರ್ವಿಮರ್ಶೆ ಕೇಳಲಿಲ್ಲ. ಸಂವಿಧಾನಕ್ಕೆ ತಿದ್ದುಪಡಿ ತಂದು ನ್ಯಾಯಾಧೀಶರ ಸಂಖ್ಯೆಯನ್ನು ಮೂರರಿಂದ ಐದಕ್ಕೆ ಏರಿಸಿ, ಐವರನ್ನೂ ಹೊಸದಾಗಿ ಕೋಕ್ ನೇಮಿಸಿದರು. ಮುಖ್ಯ ನ್ಯಾಯಾಧೀಶರಾದವರು ಓರನ್ ರಾಬರ್ಟ್ಸ್, 1861ರಲ್ಲಿ ಒಕ್ಕೂಟ ಬಿಡುವ ಸಮಾವೇಶಕ್ಕೆ ಅಧ್ಯಕ್ಷರಾಗಿದ್ದವರು. ಹಳೆಯ ಮೂವರಿಗೆ ‘ಸೆಮಿಕೋಲನ್ ನ್ಯಾಯಾಲಯ’ ಎಂಬ ಅಡ್ಡಹೆಸರು ಅಂಟಿಕೊಂಡಿತು. ಆ ಪೀಠದ ಬೇರೆ ತೀರ್ಪುಗಳನ್ನು ಕೂಡ ಪೂರ್ವನಿದರ್ಶನವಾಗಿ ಎತ್ತಿ ಹೇಳಲು ಟೆಕ್ಸಾಸಿನ ವಕೀಲರು ಮುಜುಗರಪಡುವಷ್ಟು ಆ ಹೆಸರು ಕೆಟ್ಟಿತು. ಒಂದು ವಿರಾಮಚಿಹ್ನೆಯನ್ನು ನಗೆಪಾಟಲು ಮಾಡುವುದು ಸುಲಭ. ನಗುತ್ತ ನಗುತ್ತ, ನಾಲ್ಕು ದಿನದ ಮತದಾನ ಯಾರಿಗೆ ಬೇಕಾಗಿತ್ತು, ಯಾಕೆ ಬೇಕಾಗಿತ್ತು ಎಂಬ ಪ್ರಶ್ನೆಯನ್ನು ಗೆದ್ದವರು ಮರೆಯಿಸಿಬಿಟ್ಟರು ಎಂಬುದು ನನ್ನ ತಕರಾರು.

1876ರಲ್ಲಿ ಹೊಸ ಸಂವಿಧಾನವೇ ಬಂತು. ಇನ್ನೊಬ್ಬ ಡೇವಿಸ್ ಹುಟ್ಟಬಾರದೆಂಬ ಭಯ ಅದರ ಸಾಲುಸಾಲಿನಲ್ಲೂ ಕಾಣುತ್ತದೆ: ಗವರ್ನರ್ ಅವಧಿ ಎರಡು ವರ್ಷಕ್ಕೆ ಇಳಿಯಿತು, ಸಂಬಳ ಇಳಿಯಿತು, ನೇಮಕದ ಅಧಿಕಾರ ಚೂರುಚೂರಾಗಿ ಹಂಚಿಹೋಯಿತು. 500ಕ್ಕೂ ಹೆಚ್ಚು ತಿದ್ದುಪಡಿಗಳ ಭಾರ ಹೊತ್ತುಕೊಂಡು ಅದೇ ಸಂವಿಧಾನ ಇಂದಿಗೂ ನಡೆಯುತ್ತಿದೆ. ಟೆಕ್ಸಾಸಿನಲ್ಲಿ ಮತ್ತೊಬ್ಬ ರಿಪಬ್ಲಿಕನ್ ಗವರ್ನರ್ ಅಧಿಕಾರಕ್ಕೆ ಬಂದದ್ದು 1979ರ ಜನವರಿಯಲ್ಲಿ, 105 ವರ್ಷಗಳ ನಂತರ. ಕಪ್ಪು ಮತದಾರರ ದಾರಿಯನ್ನು ಮುಂದಿನ ದಶಕಗಳಲ್ಲಿ ಒಂದೊಂದಾಗಿ ಮುಚ್ಚಲಾಯಿತು, 1902ರಲ್ಲಿ ಮತದಾನಕ್ಕೆ ತಲೆಗಂದಾಯ ಬಂತು. ರೂಬಿ ಮತ್ತು ಗೇನ್ಸ್ ಕುಳಿತಿದ್ದ ಸೆನೆಟ್ಟಿನಲ್ಲಿ 1883ರ ನಂತರ ಕಪ್ಪು ಸದಸ್ಯರೇ ಇಲ್ಲದಂತಾಯಿತು. 1966ರಲ್ಲಿ ಬಾರ್ಬರಾ ಜೋರ್ಡನ್ ಗೆದ್ದುಬಂದಾಗ ಆ ಬಾಗಿಲು ಮತ್ತೆ ತೆರೆಯಿತು. ಅವರು ಗೆದ್ದುಬಂದ ಊರು ಹ್ಯೂಸ್ಟನ್.

ಕೋಕ್ ಮುಂದೆ ಅಮೆರಿಕದ ಸೆನೆಟ್ಟಿಗೆ ಹೋಗಿ 1895ರವರೆಗೂ ಅಲ್ಲಿದ್ದರು. ಡೇವಿಸ್ ಟೆಕ್ಸಾಸ್ ಬಿಟ್ಟು ಹೋಗಲಿಲ್ಲ, ಆಸ್ಟಿನ್ನಿನಲ್ಲೇ ವಕೀಲಿ ಮಾಡಿಕೊಂಡಿದ್ದರು. 1880ರಲ್ಲಿ ಮತ್ತೊಮ್ಮೆ ಗವರ್ನರ್ ಹುದ್ದೆಗೆ ನಿಂತು ಅದೇ ಓರನ್ ರಾಬರ್ಟ್ಸ್ ಅವರೆದುರು ಸೋತರು. 1883ರಲ್ಲಿ ತೀರಿಕೊಂಡಾಗ ರಾಜ್ಯದ ಸ್ಮಶಾನದಲ್ಲೇ ಮಣ್ಣು ಮಾಡಿದರು.

ಇನ್ನು ಜೋಸೆಫ್ ರೋಡ್ರಿಗಸ್. ಹೊಸ ಗವರ್ನರ್, ಶಾಸನಸಭೆ, ಶೆರಿಫ್, ಅಧ್ಯಕ್ಷರು, ಯಾರೂ ಪಾಲಿಸದೆ ಹೋದ ಆ ತೀರ್ಪು ಒಬ್ಬನ ಮಟ್ಟಿಗೆ ಮಾತ್ರ ನೆರವೇರಿತು. ಚುನಾವಣೆಯೇ ನಡೆದಿಲ್ಲವಾದ್ದರಿಂದ ಎರಡು ಸಲ ಮತ ಹಾಕಿದ ಅಪರಾಧವೂ ಇಲ್ಲ ಎಂದು ನ್ಯಾಯಾಲಯ ಅವನನ್ನು ಬಿಡುಗಡೆ ಮಾಡಿತು.